ಜುಟ್ಟಿನ ಮಲ್ಲಿಗೆ ಯಾವ ಮೆಟ್ಟಿಲು?

ಮನೆಯಲ್ಲಿ ಟಿ.ವಿ., ಫ್ರಿಜ್, ಬೈಕ್ ಇರುವವರು ಮಾರ್ಚ್ ಅಂತ್ಯದೊಳಗೆ ಬಿಪಿಎಲ್ ಕಾರ್ಡು ಹಿಂದಿರುಗಿಸಬೇಕು ಎಂದು 2021ರ ಫೆಬ್ರುವರಿಯಲ್ಲಿ ರಾಜ್ಯದ ಆಗಿನ ಆಹಾರ ಸಚಿವರು ಹೇಳಿದ್ದು ಹಲವರಿಗೆ ನೆನಪಿರಬಹುದು. ವಿರೋಧ ಜೋರಾಯಿತು, ಸ್ಪಷ್ಟನೆ ಬಂತು, ಮಾತು ಅಲ್ಲಿಗೆ ನಿಂತಿತು. ಆದರೆ ಆ ಮಾತಿನ ಹಿಂದಿನ ಲೆಕ್ಕಾಚಾರ ಸಚಿವರೊಬ್ಬರದೇ ಆಗಿರಲಿಲ್ಲ. ಮನೆಗೆಲಸಕ್ಕೆ ಬರುವಾಕೆಯ ಕೈಯಲ್ಲಿ ಸ್ಮಾರ್ಟ್‌ಫೋನ್ ಕಂಡಾಗ, ಕೂಲಿಯವನ ಮಗಳ ಮದುವೆಗೆ ಬ್ಯಾಂಡ್‌ಸೆಟ್ ಬಂದಾಗ ನಮ್ಮಲ್ಲಿ ಎಷ್ಟೋ ಜನ ಮನಸ್ಸಿನಲ್ಲೇ ಅದೇ ಲೆಕ್ಕ ಹಾಕಿರುತ್ತೇವೆ. ಅದಕ್ಕೆ ತಕ್ಕ ಗಾದೆಯೂ ಸಿದ್ಧವಾಗಿದೆ: ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಗಾದೆಯ ಒಳಗೊಂದು ಸಿದ್ಧಾಂತ ಅಡಗಿದೆ. ಮನುಷ್ಯನ ಬೇಕುಗಳಿಗೆ ಸರದಿಯೊಂದಿದೆ. ಹಿಟ್ಟು ಮೊದಲು, ಮಲ್ಲಿಗೆ ಆಮೇಲೆ. ಸರದಿ ತಪ್ಪಿಸಿದವನು ಶೋಕಿಲಾಲ. ಇದೇ ಸರದಿಯನ್ನು ಮನಶ್ಶಾಸ್ತ್ರದ ಭಾಷೆಯಲ್ಲಿ ಬರೆದವರು ಅಮೆರಿಕದ ಅಬ್ರಹಾಂ ಮ್ಯಾಸ್ಲೊ. ಟಿಇಟಿ ಬರೆದವರಿಗೆ, ಬಿ.ಇಡಿ., ಎಂಎಸ್‌ಡಬ್ಲ್ಯು ಓದಿದವರಿಗೆ ಅವರ ಪಿರಮಿಡ್ ಬಾಯಿಪಾಠ. ತಳದಲ್ಲಿ ಅನ್ನ, ನೀರು, ನಿದ್ದೆ. ಅದರ ಮೇಲೆ ಸುರಕ್ಷತೆ. ಆಮೇಲೆ ಪ್ರೀತಿ, ನಂಟು, ತನ್ನವರು ಎನ್ನುವ ಭಾವ. ಅದಕ್ಕೂ ಮೇಲೆ ಗೌರವ. ತುದಿಯಲ್ಲಿ ತನ್ನೊಳಗಿರುವುದು ಪೂರ್ತಿ ಅರಳಬೇಕೆಂಬ ಹಂಬಲ. ಸಮಾಜಕಾರ್ಯದ ತರಗತಿಗಳಲ್ಲಿ ಇದನ್ನು ಮೊದಲ ಸೆಮಿಸ್ಟರಿನಲ್ಲೇ ಹೇಳಿಕೊಡುತ್ತಾರೆ. ಕ್ಷೇತ್ರಕಾರ್ಯಕ್ಕೆ ಹೊರಟ ವಿದ್ಯಾರ್ಥಿಗೆ ಇದೊಂದು ಆಸರೆ. ಗುರುತಿಲ್ಲದ ಮನೆಗೆ ಕಾಲಿಟ್ಟಾಗ ಏನು ಕೇಳಬೇಕು, ಏನು ನೋಡಬೇಕು ಎಂಬ ಗಾಬರಿ ಇದರಿಂದ ಅರ್ಧ ಕಡಿಮೆಯಾಗುತ್ತದೆ.

ತೊಂದರೆ ಶುರುವಾಗುವುದು ನೋಡುವುದಕ್ಕಿರುವ ಪಟ್ಟಿಯನ್ನು ಕೊಡುವುದಕ್ಕಿರುವ ಸರದಿ ಮಾಡಿಕೊಂಡಾಗ.

ಮ್ಯಾಸ್ಲೊ ಈ ವಿಚಾರವನ್ನು ಮೊದಲು ಮಂಡಿಸಿದ್ದು 1943ರಲ್ಲಿ, ‘ಸೈಕಲಾಜಿಕಲ್ ರಿವ್ಯೂ’ ಪತ್ರಿಕೆಯ ಲೇಖನದಲ್ಲಿ. ಆ ಲೇಖನದಲ್ಲಿ ಪಿರಮಿಡ್ಡೇ ಇಲ್ಲ. ತ್ರಿಕೋನದ ಚಿತ್ರ ಬಂದದ್ದು 1960ರ ಹೊತ್ತಿಗೆ, ಮ್ಯಾನೇಜ್‌ಮೆಂಟ್ ಬರಹಗಳ ಮೂಲಕ. ಕಾರ್ಮಿಕರಿಂದ ಹೆಚ್ಚು ಕೆಲಸ ತೆಗೆಯುವುದು ಹೇಗೆಂದು ಯೋಚಿಸುತ್ತಿದ್ದವರಿಗೆ ಆ ಚಿತ್ರ ಹಿಡಿಸಿತು. ಬಡವರ ಮನೆಬಾಗಿಲಿಗೆ ಹೋಗುವವರು ಅದನ್ನು ಅಲ್ಲಿಂದ ಎತ್ತಿಕೊಂಡರು. ಒಂದು ಮೆಟ್ಟಿಲು ನೂರಕ್ಕೆ ನೂರು ಮುಗಿದ ಮೇಲೆಯೇ ಇನ್ನೊಂದು ಎಂದು ಮ್ಯಾಸ್ಲೊ ಹೇಳಿರಲೂ ಇಲ್ಲ. ಸಾಮಾನ್ಯ ಮನುಷ್ಯನಿಗೆ ದೇಹದ ಅಗತ್ಯಗಳು ಶೇ 85ರಷ್ಟು ಈಡೇರಿದ್ದರೆ ಸುರಕ್ಷತೆ ಶೇ 70, ಪ್ರೀತಿ ಶೇ 50, ಆತ್ಮಗೌರವ ಶೇ 40, ತುದಿಯದು ಶೇ 10ರಷ್ಟು ಈಡೇರಿರಬಹುದು ಎಂದು ಅಂದಾಜಿಗೆ ಅಂಕಿ ಕೊಟ್ಟು, ಎಲ್ಲವೂ ಒಟ್ಟೊಟ್ಟಿಗೇ ಅರೆಬರೆಯಾಗಿ ಇರುತ್ತವೆ ಎಂದೇ ಬರೆದರು. ಸರದಿ ತಲೆಕೆಳಗಾಗುವ ಮನುಷ್ಯರೂ ಇದ್ದಾರೆ ಎಂದು ಪಟ್ಟಿ ಕೊಟ್ಟರು. ಮಾತಾಡುವ ಸ್ವಾತಂತ್ರ್ಯ, ನ್ಯಾಯ ಇಂಥವು ಇಲ್ಲದಿದ್ದರೆ ತಳದ ಅಗತ್ಯಗಳೂ ಈಡೇರುವುದಿಲ್ಲ ಎಂದೂ ಸೇರಿಸಿದರು. ಪರೀಕ್ಷೆಯಲ್ಲಿ ಇದನ್ನೆಲ್ಲ ಯಾರೂ ಕೇಳುವುದಿಲ್ಲ. ಕೇಳುವುದು ಐದು ಮೆಟ್ಟಿಲುಗಳ ಹೆಸರು, ಐದು ಅಂಕಕ್ಕೆ.

ಸಮಾಜಕಾರ್ಯದವರಿಗೆ ಮ್ಯಾಸ್ಲೊಗಿಂತ ಹತ್ತಿರದವರು ಷಾರ್ಲೆಟ್ ಟೋಲ್. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಕಲಿಸುತ್ತಿದ್ದ ಇವರು 1945ರಲ್ಲಿ ‘ಕಾಮನ್ ಹ್ಯೂಮನ್ ನೀಡ್ಸ್’ ಎಂಬ ಕೈಪಿಡಿ ಬರೆದರು. ಬರೆಸಿದ್ದು ಅಮೆರಿಕದ ಸರ್ಕಾರವೇ, ಸಹಾಯಧನ ಹಂಚುವ ತನ್ನ ಸಿಬ್ಬಂದಿಗಾಗಿ. ಹಸಿದವನಿಗೆ ಹಣ ಕೊಡುವಾಗಲೂ ಅವನಿಗೆ ಪ್ರೀತಿ, ಬೆಳವಣಿಗೆ, ಮರ್ಯಾದೆಯ ಅಗತ್ಯ ಇದೆಯೆಂಬುದನ್ನು ಮರೆಯಬಾರದು, ಕೊಡುವ ರೀತಿಯೂ ಕೊಡುವ ವಸ್ತುವಿನಷ್ಟೇ ಮುಖ್ಯ ಎಂಬುದು ಪುಸ್ತಕದ ತಿರುಳು. 1951ರಲ್ಲಿ ಅದರೊಳಗಿನ ಒಂದು ವಾಕ್ಯದಲ್ಲಿ ಸಮಾಜವಾದದ ವಾಸನೆ ಇದೆಯೆಂದು ಅಲ್ಲಿನ ವೈದ್ಯರ ಸಂಘ ತಕರಾರು ತೆಗೆಯಿತು. ಸರ್ಕಾರ ಹೆದರಿ ಉಳಿದ ಪ್ರತಿಗಳನ್ನೆಲ್ಲ ನಾಶ ಮಾಡಿಸಿತು. ಆಮೇಲೆ ಸಮಾಜ ಕಾರ್ಯಕರ್ತರ ಸಂಘವೇ ಮುಂದೆ ಬಂದು ಅದನ್ನು ಮತ್ತೆ ಅಚ್ಚು ಹಾಕಿಸಿತು. ಕಚೇರಿ ಸಿಬ್ಬಂದಿಯ ಕೈಪಿಡಿಯೊಂದಕ್ಕೆ ಇಂಥ ಗತಿ ಬಂದ ಉದಾಹರಣೆ ಹೆಚ್ಚಿಲ್ಲ.

ಈಗ ನಮ್ಮ ಕಡೆಯ ಒಂದು ಮನೆ ಭೇಟಿ ನೋಡೋಣ. ಇದು ತರಗತಿಯಲ್ಲಿ ಕಟ್ಟಿಕೊಳ್ಳುವಂಥ ಕಲ್ಪಿತ ಪ್ರಸಂಗ. ಆದರೆ ಕ್ಷೇತ್ರಕಾರ್ಯ ಮಾಡಿದವರಿಗೆ ಇದರ ಚೂರುಪಾರೆಲ್ಲ ಗುರುತು ಸಿಗುತ್ತದೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿ. ಗಂಡ ಬಿಟ್ಟು ಹೋಗಿದ್ದಾನೆ. ಹೆಂಗಸು ನಸುಕಿಗೇ ಭಟ್ಟಿ ಕೆಲಸಕ್ಕೆ ಹೋಗುತ್ತಾಳೆ. ಒಂಬತ್ತನೇ ತರಗತಿಯ ಮಗಳು ಶಾಲೆಗೆ ಬರುತ್ತಿಲ್ಲವೆಂದು ದೂರು ಬಂದಿದೆ. ಎಂಎಸ್‌ಡಬ್ಲ್ಯು ವಿದ್ಯಾರ್ಥಿನಿ ನಮೂನೆ ಹಿಡಿದು ಹೋಗಿದ್ದಾಳೆ. ಆಹಾರ: ರೇಷನ್ ಬರುತ್ತದೆ, ಟಿಕ್. ವಸತಿ: ತಗಡಿನ ಮನೆ, ಕಚ್ಚಾ, ಟಿಕ್. ಆರೋಗ್ಯ: ತಾಯಿಗೆ ಹೊಗೆಯಿಂದ ಕೆಮ್ಮು, ಟಿಕ್. ಶಿಕ್ಷಣ: ಪೋಷಕರಲ್ಲಿ ಅರಿವಿನ ಕೊರತೆ ಎಂದು ಬರೆಯಲು ಪೆನ್ನು ಎತ್ತಿದ್ದಾಳೆ. ಅಷ್ಟರಲ್ಲಿ ಆ ತಾಯಿ ಕೇಳುತ್ತಾಳೆ:

“ಅಕ್ಕಿಗೇನ್ ತೊಂದ್ರಿ ಇಲ್ರಿ ಅಕ್ಕಾರೆ. ಈ ಬಾಗ್ಲಿಗೊಂದು ಚಿಲಕ ಹಾಕ್ಸಿಕೊಡಾಕ್ ಆಗ್ತೈತೇನ್ರಿ?”

ಬಾಗಿಲೆಂದರೆ ಒಂದು ತಗಡಿನ ಹಾಳೆ. ತಂತಿ ಸುತ್ತಿ ನಿಲ್ಲಿಸಿದ್ದು. ಹೊರಗಿನಿಂದ ಬೀಗ ಹಾಕಲು ಚಿಲಕವಿಲ್ಲ, ಒಳಗಿನಿಂದ ಭದ್ರ ಮಾಡಲು ಅಗಳಿಯಿಲ್ಲ. ಒಳಗೆ ಗ್ಯಾಸ್ ಸಿಲಿಂಡರ್ ಇದೆ, ಒಂದು ಟಿ.ವಿ. ಇದೆ. ತಾಯಿ ಕೆಲಸಕ್ಕೆ ಹೋದರೆ ಮನೆ ಕಾಯಲು ಒಬ್ಬರು ಬೇಕು. ಆ ಒಬ್ಬರು ಮಗಳು. ರಾತ್ರಿ ಓಣಿಯಲ್ಲಿ ಕುಡಿದವರು ಓಡಾಡುವಾಗ ಅವಳಿಗೆ ನಿದ್ದೆ ಬರುವುದಿಲ್ಲ. ಹಗಲು ತೂಕಡಿಕೆ. ಅರಿವಿನ ಕೊರತೆ ಆ ಮನೆಯಲ್ಲಿ ಎಲ್ಲೂ ಇಲ್ಲ. ಕೊರತೆ ಇರುವುದು ಒಂದು ಚಿಲಕ, ಒಂದು ಬೀಗದ್ದು. ಅದು ನಮೂನೆಯ ಯಾವ ಕಾಲಮ್ಮಿನಲ್ಲೂ ಇಲ್ಲ.

ಇಲ್ಲಿ ಮ್ಯಾಸ್ಲೊ ಉಪಯೋಗಕ್ಕೆ ಬರುತ್ತಾರೆ. ‘ವಸತಿ’ ಮತ್ತು ‘ಸುರಕ್ಷತೆ’ ಬೇರೆ ಬೇರೆ ಎಂಬುದು ತಲೆಯಲ್ಲಿದ್ದ ವಿದ್ಯಾರ್ಥಿನಿ ಆ ಬಾಗಿಲನ್ನು ತಾನೇ ಗಮನಿಸಿರುತ್ತಿದ್ದಳು. ನಿದ್ದೆ ತಳದ ಅಗತ್ಯ ಎಂದು ನೆನಪಿದ್ದರೆ ಹುಡುಗಿಯ ಕೆಂಪು ಕಣ್ಣು ನೋಡಿ ಕೇಳುತ್ತಿದ್ದಳು. ಶಾಲೆ ಬಿಟ್ಟ ಕಾರಣ ಹುಡುಕುತ್ತ ಮೇಲಿನಿಂದ ಕೆಳಕ್ಕೆ ಇಳಿಯುವುದು ಈ ಸಿದ್ಧಾಂತ ಕಲಿಸುವ ಒಳ್ಳೆಯ ಅಭ್ಯಾಸ. ಓದು ನಿಂತಿದೆಯೇ, ಅದರ ಕೆಳಗೆ ಏನಿದೆ ನೋಡು. ಅದರ ಕೆಳಗೆ ಇನ್ನೇನಿದೆ ನೋಡು.

ಕೆಳಕ್ಕೆ ಇಳಿಯುತ್ತ ಹೋದರೆ ಪಿರಮಿಡ್ಡಿನ ತಳದ ಅಡಿಯಲ್ಲಿ ನಮ್ಮ ದೇಶದ್ದೇ ಆದ ಇನ್ನೊಂದು ಮೆಟ್ಟಿಲು ಸಿಗುತ್ತದೆ: ಕಾಗದಪತ್ರ. ಇದೇ ತಾಯಿಯ ಹೆಸರು ಇನ್ನೂ ಅತ್ತೆಯ ರೇಷನ್ ಕಾರ್ಡಿನಲ್ಲಿದೆ ಅಂದುಕೊಳ್ಳಿ. ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಹೋಗುವುದು ಕಾರ್ಡಿನಲ್ಲಿ ಯಜಮಾನಿ ಎಂದಿರುವವರಿಗೆ, ಅಂದರೆ ಅತ್ತೆಗೆ. ಬೇರೆ ಕಾರ್ಡು ಬೇಕೆಂದರೆ ಈ ಕಾರ್ಡಿನಿಂದ ಹೆಸರು ತೆಗೆಸಬೇಕು. ಅದಕ್ಕೆ ಅತ್ತೆ ಮನೆಯವರು ಒಪ್ಪಬೇಕು. ಗಂಡ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರವಾದರೂ ಇರುತ್ತಿತ್ತು. ಬಿಟ್ಟುಹೋದವನಿಗೆ ಪ್ರಮಾಣಪತ್ರ ಎಲ್ಲಿಂದ ತರುವುದು? ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಗಂಡನದು. ಒಟಿಪಿ ಅವನಿಗೆ ಹೋಗುತ್ತದೆ. ಅನ್ನಕ್ಕೂ ಮೊದಲು ಅನ್ನ ಕೇಳುವ ಅರ್ಹತೆಯನ್ನು ಸಾಬೀತು ಮಾಡಬೇಕು. ನಮ್ಮ ಸಮಾಜ ಕಾರ್ಯಕರ್ತರ ಅರ್ಧ ಆಯಸ್ಸು ಸವೆಯುವುದು ಈ ನೆಲಮಾಳಿಗೆಯಲ್ಲೇ. ಇದನ್ನು ಯಾವ ಪಠ್ಯಪುಸ್ತಕವೂ ಅವರಿಗೆ ಮೊದಲೇ ಹೇಳಿರುವುದಿಲ್ಲ.

ಸರದಿಯನ್ನು ಷರತ್ತು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕ್ ನಗರದ ಕಥೆ ಚೆನ್ನಾಗಿ ದಾಖಲಾಗಿದೆ. ಅಲ್ಲಿ ಬೀದಿಯಲ್ಲಿ ಬದುಕುತ್ತಿದ್ದ ಮಾನಸಿಕ ಅಸ್ವಸ್ಥರಿಗೆ ನೆರವು ಹಂತಹಂತವಾಗಿ ಸಿಗುತ್ತಿತ್ತು. ಮೊದಲು ರಾತ್ರಿ ತಂಗುದಾಣ, ಆಮೇಲೆ ತಾತ್ಕಾಲಿಕ ನಿಲಯ, ಕೊನೆಗೆ ಮನೆ. ಪ್ರತಿ ಹಂತಕ್ಕೂ ಷರತ್ತು: ಕುಡಿತ ಬಿಡಬೇಕು, ಔಷಧಿ ತಪ್ಪಬಾರದು, ಶಿಸ್ತಿನಿಂದಿರಬೇಕು. ಎಡವಿದರೆ ಮತ್ತೆ ಬೀದಿ. ಕೇಳಲು ಇದು ಕ್ರಮಬದ್ಧವಾಗಿಯೇ ಇತ್ತು. ಆದರೆ ತಳದ ಅಗತ್ಯವಾದ ಸೂರನ್ನು ತುದಿಯ ಬಹುಮಾನ ಮಾಡಿ ಇಟ್ಟಿತ್ತು. ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞ 1992ರಲ್ಲಿ ‘ಪಾಥ್‌ವೇಸ್ ಟು ಹೌಸಿಂಗ್’ ಸಂಸ್ಥೆ ಕಟ್ಟಿ ಇದನ್ನು ತಿರುಗಿಸಿದರು. ಬೀದಿಯಲ್ಲಿದ್ದವರನ್ನೇ ಕೇಳಿದರು, ನಿಮಗೇನು ಬೇಕು? ಮನೆ ಬೇಕು ಅಂದರು. ಸಾಮಾನ್ಯ ಬಡಾವಣೆಗಳಲ್ಲಿ ಬಾಡಿಗೆ ಮನೆ ಹಿಡಿದು ಕೀಲಿ ಕೊಟ್ಟರು. ಆದಾಯದ ಶೇ 30 ಬಾಡಿಗೆ, ಸಿಬ್ಬಂದಿಯ ಭೇಟಿಗೆ ಒಪ್ಪಿಗೆ, ಇಷ್ಟೇ. ಕುಡಿತ, ಚಿಕಿತ್ಸೆ ಅವರವರ ಆಯ್ಕೆ. ಐದು ವರ್ಷಗಳ ಲೆಕ್ಕ 2000ದಲ್ಲಿ ಪ್ರಕಟವಾದಾಗ ಇವರಲ್ಲಿ ಶೇ 88 ಜನ ಮನೆ ಉಳಿಸಿಕೊಂಡಿದ್ದರು. ಹಳೆಯ ವ್ಯವಸ್ಥೆಯಲ್ಲಿ ಆ ಪ್ರಮಾಣ ಶೇ 47. ಫಿನ್‌ಲೆಂಡ್ 2008ರಲ್ಲಿ ಇದನ್ನೇ ರಾಷ್ಟ್ರೀಯ ನೀತಿ ಮಾಡಿಕೊಂಡು, ತಂಗುದಾಣಗಳನ್ನೇ ಬಾಡಿಗೆ ಮನೆಗಳಾಗಿ ಬದಲಿಸುತ್ತ ಹೋಯಿತು.

ಇಷ್ಟಕ್ಕೇ ಪಿರಮಿಡ್ ಗೆದ್ದಿತು, ತಳ ಗಟ್ಟಿಯಾದರೆ ಮೇಲಿನದೆಲ್ಲ ತಾನಾಗಿ ಏರುತ್ತದೆ ಎಂದು ಹಿಗ್ಗಬೇಕಿಲ್ಲ. ಕೆನಡಾ 2009ರಿಂದ 2013ರವರೆಗೆ ಐದು ನಗರಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಇದೇ ಪ್ರಯೋಗ ಮಾಡಿತು. ಮನೆ ಸಿಕ್ಕವರು ಮನೆಯಲ್ಲಿ ಉಳಿದರು, ಅದರಲ್ಲಿ ಅನುಮಾನವಿಲ್ಲ. ಆದರೆ ಕಾಯಿಲೆಯ ಲಕ್ಷಣಗಳಲ್ಲಿ, ಕುಡಿತದಲ್ಲಿ ಆದ ಸುಧಾರಣೆ ಮನೆ ಸಿಕ್ಕವರಲ್ಲೂ ಮಾಮೂಲಿ ನೆರವಿನಲ್ಲೇ ಉಳಿದವರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಸೂರು ಸೂರಿನ ಕೆಲಸ ಮಾಡುತ್ತದೆ. ಒಂಟಿತನಕ್ಕೆ ಬೇರೆಯದೇ ಮದ್ದು ಬೇಕು. ಚೆನ್ನೈನ ‘ದಿ ಬನ್ಯನ್’ ಸಂಸ್ಥೆ ಇದನ್ನು ಅರಿತಂತೆ ಕಾಣುತ್ತದೆ. ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದುಹೋದ ಮಹಿಳೆಯರು ನಾಲ್ಕೈದು ಜನ ಸೇರಿ ಮಾಮೂಲಿ ಬೀದಿಯ ಮಾಮೂಲಿ ಬಾಡಿಗೆ ಮನೆಯಲ್ಲಿ ಸಂಸಾರ ಹೂಡುವಂತೆ ಅದು ವ್ಯವಸ್ಥೆ ಮಾಡಿದೆ. ಮನೆಯೂ ಜೊತೆಯೂ ಒಂದೇ ದಿನ ಸಿಗುತ್ತವೆ. ಮನೆಯವರು ಬೇಡ ಅಂದರು, ಹೋಗಲು ಜಾಗವಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಮಾನಸಿಕ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬಾರದು ಎಂದು ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ. ಕಾಯ್ದೆ ಹೇಳಿದ್ದಕ್ಕೆ ತಕ್ಕ ಮನೆಗಳು ಸಾಲದು.

ಹೊಟ್ಟೆಯೇ ಮೊದಲು ಎಂಬ ನಂಬಿಕೆ ಎಷ್ಟು ದೊಡ್ಡ ಮಟ್ಟದಲ್ಲಿ ಎಡವಬಹುದು ಎಂಬುದನ್ನು 2020ರ ಮೇ ತಿಂಗಳಲ್ಲಿ ಬೆಂಗಳೂರು ತೋರಿಸಿತು. ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದ ವಲಸೆ ಕಾರ್ಮಿಕರಿಗೆ ಶ್ರಮಿಕ್ ರೈಲುಗಳು ಆಗಷ್ಟೇ ಶುರುವಾಗಿದ್ದವು. ಕಟ್ಟಡ ಉದ್ಯಮಿಗಳ ಜೊತೆ ಸಭೆ ನಡೆದ ಬೆನ್ನಿಗೇ ರಾಜ್ಯ ಸರ್ಕಾರ ಆ ರೈಲುಗಳು ಬೇಡವೆಂದು ರೈಲ್ವೆಗೆ ಪತ್ರ ಬರೆಯಿತು. ಕೆಲಸ ಮತ್ತೆ ಶುರುವಾಗುತ್ತದೆ, ಕೂಲಿ ಸಿಗುತ್ತದೆ, ಊಟ ಕೊಡುತ್ತೇವೆ, ಇನ್ನೇಕೆ ಊರಿಗೆ? ಲೆಕ್ಕ ಸರಿಯಾಗಿಯೇ ಇತ್ತು, ತಳದ ಮೆಟ್ಟಿಲಿನ ಮಟ್ಟಿಗೆ. ಕಾರ್ಮಿಕರು ಬೀದಿಗಿಳಿದರು, ನಡೆದೇ ಹೊರಟರು. ದೇಶವೆಲ್ಲ ಟೀಕಿಸಿದ ಮೇಲೆ ಕೆಲವೇ ದಿನಗಳಲ್ಲಿ ನಿರ್ಧಾರ ಬದಲಾಯಿತು. ಊರಿನಲ್ಲಿ ಹೆಚ್ಚು ಅನ್ನ ಕಾದಿದೆ ಎಂದು ಅವರು ಹೊರಟಿರಲಿಲ್ಲ. ಸತ್ತರೆ ಗುರುತಿಸುವವರ ನಡುವೆ ಸಾಯಬೇಕೆಂಬುದು ಯಾವ ಮೆಟ್ಟಿಲಿಗೆ ಸೇರುತ್ತದೋ ಮ್ಯಾಸ್ಲೊ ಓದಿದವರು ಹೇಳಬೇಕು.

2025ರ ಮೇನಲ್ಲಿ ಜೇನುಕುರುಬರ ಐವತ್ತಕ್ಕೂ ಹೆಚ್ಚು ಕುಟುಂಬಗಳು ನಾಗರಹೊಳೆ ಕಾಡಿನೊಳಗಿನ ತಮ್ಮ ಹಳೆಯ ಜಾಗ ಕರಡಿಕಲ್ಲು ಅತ್ತೂರುಕೊಲ್ಲಿಗೆ ಮರಳಿ ಹೋಗಿ ಗುಡಿಸಲು ಹಾಕಿದ್ದನ್ನೂ ಇದರ ಪಕ್ಕದಲ್ಲೇ ಇಟ್ಟು ನೋಡಬೇಕು. ದಶಕಗಳ ಹಿಂದೆ ಕಾಡಿನಿಂದ ಹೊರಬಿದ್ದು ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಇದ್ದವರು ಅವರು. ಕೂಲಿ ಇತ್ತು, ತಲೆ ಮೇಲೆ ಸೂರಿತ್ತು. ಅವರ ದೇವರು, ಅವರ ಹಿರಿಯರ ಸಮಾಧಿ ಕಾಡಿನಲ್ಲಿದ್ದವು. ಅರಣ್ಯ ಹಕ್ಕು ಕಾಯ್ದೆಯ ವಾದ ವಿವಾದ ಒಂದು ಕಡೆಗಿರಲಿ. ಪುನರ್ವಸತಿಯ ಕಡತದಲ್ಲಿ ಮನೆ, ವಿದ್ಯುತ್, ಕೊಳವೆಬಾವಿ ಎಂದು ಬರೆದು ಮುಗಿಸುವ ಅಧಿಕಾರಿಗೆ ದೇವರು ಯಾವ ಕಾಲಮ್ಮಿನಲ್ಲೂ ಸಿಗುವುದಿಲ್ಲ.

ಹಾಗೆಂದು ಸರದಿಯನ್ನು ಪೂರ್ತಿ ಬಿಸಾಡುವವರ ಸಹವಾಸವೂ ಬೇಡ. ಅಂಥವರೂ ನಮ್ಮಲ್ಲಿ ಧಾರಾಳ. ಮೂರು ತಿಂಗಳಿಂದ ಕೂಲಿ ಬರದ ಹೆಂಗಸರನ್ನು ಕೂರಿಸಿ ಆತ್ಮವಿಶ್ವಾಸದ ಶಿಬಿರ ನಡೆಸುವವರು, ಗಂಡನ ಹೊಡೆತದಿಂದ ತಪ್ಪಿಸಿಕೊಂಡು ಬಂದವಳಿಗೆ ಆ ರಾತ್ರಿ ಎಲ್ಲಿ ಮಲಗುವುದೆಂದು ತೋರಿಸದೆ ಕೌನ್ಸೆಲಿಂಗ್ ಹೇಳುವವರು, ಹಸಿದ ಮಕ್ಕಳಿಗೆ ಮೌಲ್ಯ ಶಿಕ್ಷಣ ಕೊಡುವವರು. ಇವರ ಮುಂದೆ ಮ್ಯಾಸ್ಲೊನ ಪಟ್ಟಿಯನ್ನು ದಿನಕ್ಕೆ ಮೂರು ಸಲ ಹಿಡಿಯಬೇಕು. ನಮ್ಮಲ್ಲಿ 2002ರಲ್ಲಿ ಶುರುವಾದ ಅಕ್ಷರ ದಾಸೋಹ ಅಕ್ಷರಕ್ಕೆ ಮೊದಲು ಅನ್ನವಿಟ್ಟಿತು, ಸರಿಯಾಗಿಯೇ ಇಟ್ಟಿತು. ಜೀವಕ್ಕೆ ಅಪಾಯ ಇರುವಾಗ ಚರ್ಚೆಯೇ ಇಲ್ಲ. ಮೊದಲು ಸುರಕ್ಷಿತ ಜಾಗ, ಆಮೇಲೆ ಮಾತು.

ಆದರೆ ಮೊದಲ ಮೆಟ್ಟಿಲಿನಲ್ಲಿ ಕೊಡುವಾಗಲೇ ನಾಲ್ಕನೆಯದನ್ನೂ ಕೊಡಬಹುದು, ಖರ್ಚಿಲ್ಲದೆ. 2017ರಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ತಿಂಡಿಗೆ ಐದು ರೂಪಾಯಿ, ಊಟಕ್ಕೆ ಹತ್ತು ಎಂದಿತ್ತು. ಪುಕ್ಕಟೆ ಕೊಟ್ಟಿದ್ದರೆ ಸರ್ಕಾರಕ್ಕೆ ಮುಳುಗಿಹೋಗುವಂಥದ್ದೇನೂ ಇರಲಿಲ್ಲ. ಆ ಐದು ರೂಪಾಯಿ ಕೊಟ್ಟು ಟೋಕನ್ ತೆಗೆದುಕೊಂಡವನು ಗಿರಾಕಿ. ಆಟೊದವನು, ಕಾಲೇಜು ಹುಡುಗ, ಪೌರಕಾರ್ಮಿಕ ಮಹಿಳೆ ಒಂದೇ ಸಾಲಿನಲ್ಲಿ ನಿಂತು ಒಂದೇ ಬಗೆಯ ತಟ್ಟೆಯಲ್ಲಿ ತಿನ್ನುತ್ತಾರೆ. ಬಡವ ಎಂದು ತೋರಿಸಲು ಯಾವ ಕಾರ್ಡೂ ಬೇಕಿಲ್ಲ. ನೆರೆ ಬಂದಾಗ ನೋಡಿ: ಕಿಟ್ಟಿನ ಮೇಲೆ ಮುಖಂಡರ ಫೋಟೊ, ಈಸಿಕೊಳ್ಳುವವರು ಕ್ಯಾಮೆರಾ ಕಡೆ ತಿರುಗಬೇಕು. ಅಕ್ಕಿ ಎರಡೂ ಕಡೆ ಅಕ್ಕಿಯೇ. ಟೋಲ್ ಅವರ ಪುಸ್ತಕ ಹೇಳಿದ್ದು ಇದನ್ನೇ.

ಶಕ್ತಿ ಯೋಜನೆಯ ಬಗ್ಗೆ ನಡೆದ ಗೇಲಿಯಲ್ಲೂ ಇದೇ ಎಳೆ ಇದೆ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾದಾಗ ಕೆಲಸಕ್ಕೆ, ಆಸ್ಪತ್ರೆಗೆ ಹೋದವರ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಧರ್ಮಸ್ಥಳಕ್ಕೆ, ಮಲೆ ಮಹದೇಶ್ವರ ಬೆಟ್ಟಕ್ಕೆ ಗುಂಪುಗುಂಪಾಗಿ ಹೊರಟವರನ್ನು ನೋಡಿ ನಕ್ಕರು. ದುಡಿಮೆಗೆ ಬಸ್ ಹತ್ತಿದರೆ ಅಗತ್ಯ, ದೇವರ ನೆಪದಲ್ಲಿ ಗೆಳತಿಯರ ಜೊತೆ ಒಂದು ದಿನ ಮನೆಯಿಂದ ಹೊರಗಿದ್ದರೆ ಶೋಕಿ! ಚಿಲಿ ದೇಶದ ಅರ್ಥಶಾಸ್ತ್ರಜ್ಞ ಮ್ಯಾನ್‌ಫ್ರೆಡ್ ಮ್ಯಾಕ್ಸ್-ನೀಫ್ ಮನುಷ್ಯನ ಮೂಲ ಅಗತ್ಯಗಳನ್ನು ಒಂಬತ್ತು ಎಂದು ಗುರುತಿಸಿ, ಅವುಗಳನ್ನು ಮೇಲೆ ಕೆಳಗೆ ಇಡದೆ ಒಂದೇ ಸಾಲಿನಲ್ಲಿ ಇಟ್ಟರು. ಅದರಲ್ಲಿ ಬಿಡುವೂ ಒಂದು. ನಲವತ್ತು ವರ್ಷ ಒಲೆ ಬಿಟ್ಟು ಕದಲದ ಹೆಂಗಸಿಗೆ ಅದು ಹಿಟ್ಟಿನಷ್ಟೇ ಹಳೆಯ ಸಾಲ.

ಹಾಗಾದರೆ ಯಾವುದು ಮೊದಲೆಂದು ತೀರ್ಮಾನಿಸುವವರು ಯಾರು? ಸಮಾಜಕಾರ್ಯದಲ್ಲಿ ಈ ಪ್ರಶ್ನೆಗೆ ಉತ್ತರ ಎಂದೋ ಸಿಕ್ಕಿದೆ. ಫೀಲಿಕ್ಸ್ ಬಿಯೆಸ್ಟೆಕ್ 1957ರಲ್ಲಿ ಬರೆದ ಏಳು ತತ್ವಗಳಲ್ಲಿ, ನೆರವು ಕೇಳಿ ಬಂದವರ ಸ್ವನಿರ್ಣಯದ ಹಕ್ಕೂ ಸೇರಿದೆ. ಅದನ್ನೂ ವಿದ್ಯಾರ್ಥಿಗಳು ಬಾಯಿಪಾಠ ಮಾಡಿರುತ್ತಾರೆ, ಬೇರೊಂದು ಪತ್ರಿಕೆಗೆ. ಎರಡು ಪತ್ರಿಕೆಗಳನ್ನು ಒಟ್ಟಿಗೆ ಓದುವ ಅಭ್ಯಾಸ ನಮ್ಮ ಕಾಲೇಜುಗಳಲ್ಲಿ ಇಲ್ಲ, ಅಷ್ಟೇ. ಮ್ಯಾಸ್ಲೊ ಕಾರ್ಯಕರ್ತೆಯ ಕಣ್ಣಿಗೆ. ಬಿಯೆಸ್ಟೆಕ್ ಅವಳ ಬಾಯಿಗೆ. ಕಣ್ಣು ಐದೂ ಮೆಟ್ಟಿಲು ನೋಡಬೇಕು. ಬಾಯಿ ಒಂದೇ ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಬೇಕು.

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ, ಸಮಾಜ ಕಲ್ಯಾಣ ಇಲಾಖೆಯಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ ಮನೆ ಭೇಟಿಯ ನಮೂನೆ ತಯಾರಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಮುಂದಿನ ಸಲ ಅಚ್ಚಿಗೆ ಕಳಿಸುವಾಗ ಆಹಾರ, ವಸತಿ, ಆರೋಗ್ಯದ ಚೌಕಗಳಿಗೂ ಮೇಲೆ, ಕ್ರಮಸಂಖ್ಯೆ ಒಂದರಲ್ಲಿ, “ನಿಮಗೆ ಈಗ ಮೊದಲು ಏನು ಬೇಕು?” ಎಂದು ಹಾಕಿ. ಕೆಳಗೆ ನಾಲ್ಕು ಗೆರೆ ಖಾಲಿ ಬಿಡಿ. ಉತ್ತರವನ್ನು ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳುವಂತೆ ಸಿಬ್ಬಂದಿಗೆ ಸೂಚನೆ ಕೊಡಿ. ಚಿಲಕ ಅಂದರೆ ಚಿಲಕ ಎಂದೇ ಬರೆಯಲಿ.